ಅಲವಣ ಗೌರಿಯ ಉಪ್ಪಿಲ್ಲದ ಎಡೆ

ಕೂತವರೆಲ್ಲ ಅಕ್ಷತೆಯನ್ನು ಕೈಯಲ್ಲಿ ಹಿಡಿದು, ಒಲೆಯ ಮೇಲಿಟ್ಟು ಬಂದದ್ದರ ಚಿಂತೆಯನ್ನು ಗಳಿಗೆಹೊತ್ತು ಮರೆತು, ಅಲವಣ ಗೌರಿಯ ಮಹಿಮೆಯನ್ನು ಕೇಳುವಂಥವರಾಗಿ.

ಪೂರ್ವದಲ್ಲಿ ಕಂಕಣಪುರವೆಂಬ ಪಟ್ಟಣದಲ್ಲಿ ಬೊಮ್ಮಿಸೆಟ್ಟಿಯೆಂಬ ಉಪ್ಪಿನ ವರ್ತಕನಿದ್ದನು. ಕಡಲತಡಿಯಿಂದ ಎತ್ತುಗಳ ಮೇಲೆ ಉಪ್ಪು ಹೇರಿಸಿ ತಂದು ಮಾರಿ ಸುಖವಾಗಿದ್ದನು. ಅವನ ಹೆಂಡತಿ ಲಕುಮವ್ವನಿಗೆ ಗಂಡನೆಂದರೆ ಪ್ರಾಣ. ಉಣಬಡಿಸುವುದರಲ್ಲಂತೂ ಎತ್ತಿದ ಕೈ. ಹೀಗಿರಲು ಸೆಟ್ಟಿಯ ಪಾದ ಬಾತು, ಬಾವು ಮೊಣಕಾಲಿಗೇರಿ, ಮಲಗಿದರೆ ಉಸಿರು ಕಟ್ಟಿ, ಗೋಡೆಗೊರಗಿ ಕೂತೇ ಬೆಳಗು ಮಾಡುವಂತಾಯಿತು. ವೈದ್ಯನು ಬಂದು, ಪಾದವನ್ನು ಒತ್ತಿ ಗುಳಿ ಬಿದ್ದದ್ದನ್ನು ಕಂಡು, ಕಷಾಯ ಕೊಟ್ಟು, ಉಪ್ಪನ್ನು ಬಿಡಬೇಕು, ಉಪ್ಪು ಮೈಯಲ್ಲಿ ನೀರು ನಿಲ್ಲಿಸುತ್ತದೆ, ಪಥ್ಯ ತಪ್ಪಿದರೆ ಜೀವಕ್ಕೆ ಅಪಾಯವೆಂದು ಹೇಳಿ ಹೋದನು.

ಆ ಊರಿನಲ್ಲಿ ಉಪ್ಪಿಲ್ಲದ ಅಡುಗೆಯೆಂದರೆ ಸಾವಿನ ಮನೆಯ ಅಡುಗೆ. ಗಂಡ ಕಣ್ಣೆದುರು ಬದುಕಿರುವಾಗಲೇ ಸೂತಕದ ಅನ್ನ ಬಡಿಸಲೇ ಎಂದು ಲಕುಮವ್ವ ಅಂಜಿ, ವೈದ್ಯನಿಗೆ ಹೂಂಗುಟ್ಟಿದ್ದರೂ, ಶಕುನಕ್ಕೆಂದು ಸಾರಿಗೆ ಚಿಟಿಕೆ ಉಪ್ಪು ಹಾಕಿದಳು. ಚಿಟಿಕೆ ಹಿಡಿಯಾಯಿತು. ಸೆಟ್ಟಿ ಮುಖ ಸಿಂಡರಿಸಿದರೆ ಹಪ್ಪಳ, ಉಪ್ಪಿನಕಾಯಿಯೂ ಎಲೆಗೆ ಬಂದವು. ಪಾಪ, ಕೆಟ್ಟವಳಲ್ಲ ಅವಳು, ಹೆದರಿದವಳು. ವೈದ್ಯ ಕೇಳಿದಾಗಲೆಲ್ಲ ಒಂದು ಹರಳೂ ಹಾಕಿಲ್ಲವೆಂದಳು. ಅದನ್ನು ನಂಬಿ ಅವನು ಔಷಧವೇ ಸಾಲದೆಂದು ಕಷಾಯವನ್ನು ಇನ್ನಷ್ಟು ಕಟುವಾಗಿಸಿದನು. ಬಾವು ಇಳಿಯಲಿಲ್ಲ, ಸೆಟ್ಟಿಯೇ ಇಳಿದುಹೋದನು.

ಆಗ ಲಕುಮವ್ವ ಗೌರಿಯನ್ನು ಕೂರಿಸಿ, ಭಕ್ಷ್ಯಭೋಜ್ಯಗಳನ್ನು ನೈವೇದ್ಯವಿಟ್ಟು, ತಾಳಿಯನ್ನು ಕಣ್ಣಿಗೊತ್ತಿಕೊಂಡು ಅತ್ತಳು. ದೇವಿಯ ಮನಸ್ಸು ಕರಗಿ, ಮುದುಕಿ ಮುತ್ತೈದೆಯ ರೂಪದಿಂದ ನಡುಹಗಲಲ್ಲಿ ಬಾಗಿಲಿಗೆ ಬಂದು, ಉಪ್ಪು ಹಾಕದ ಊಟವಿದ್ದರೆ ಬಡಿಸೆಂದು ಕೇಳಿದಳು.

"ಅಯ್ಯೋ, ಬಿಡ್ತು ಅನ್ನಿ! ನಿಮ್ಮ ಮನೇಲಿ ಯಾರಾದರೂ ತೀರಿಕೊಂಡರೇ?"

"ಇಲ್ಲ ಕಣವ್ವಾ. ನಮ್ಮೆಜಮಾನರು ಒಂದು ಸಲ ಕುಡೀಬಾರದ್ದು ಕುಡಿದು ಗಂಟಲು ನೀಲಿ ಮಾಡ್ಕೊಂಡರು. ಅವತ್ತಿಂದ ಪಥ್ಯ. ಅವರು ಉಂಡದ್ದೇ ನಾನೂ ಉಣ್ತೀನಿ. ನನ್ನ ಕುಂಕುಮಕ್ಕೇನಾಗಿದೆ, ನೋಡು."

ಹೀಗೆಂದು ತಾನೇ ಒಲೆಯ ಮುಂದೆ ಕೂತು, ಅವಳ ಕೈಯಿಂದ ಬೇಳೆಗೆ ಮೆಣಸು ಜೀರಿಗೆ ಕುಟ್ಟಿ ಹಾಕಿಸಿ, ನಿಂಬೆ ಹಿಂಡಿಸಿ, ಕೊತ್ತಂಬರಿ ಉದುರಿಸಿ, ತೃಪ್ತಿಯಾಗಿ ಉಂಡು ಹರಸಿ ಹೊಸ್ತಿಲಲ್ಲೇ ಮಾಯವಾದಳು. ಆ ನೀಲಿ ಗಂಟಲು ಪರಶಿವನದೆಂದು ಲಕುಮವ್ವನಿಗೆ ಆಗ ಹೊಳೆಯಿತು.

ಅವಳು ಓಡುತ್ತ ಹೋಗಿ ವೈದ್ಯನನ್ನು ಕರೆತಂದು, ಗಂಡನ ಎದುರಿಗೇ ತಪ್ಪನ್ನೆಲ್ಲ ಒಪ್ಪಿಕೊಂಡಳು. ವೈದ್ಯನು ಕೆಂಡವಾದನು; ಅವಳು ಹೆದರಿ ಹಾಗೆ ಮಾಡಿದಳೆಂದು ತಿಳಿದು ತಣ್ಣಗಾಗಿ, ಕಷಾಯವನ್ನು ಮೊದಲಿನ ಹದಕ್ಕೆ ತಂದನು. ಅಂದು ಉಪ್ಪಿಲ್ಲದ ತುತ್ತು ಬಾಯಿಗಿಟ್ಟ ಸೆಟ್ಟಿ ಎಲೆಯನ್ನು ದೂಡಿದನು.

"ನನ್ನ ಸೂತಕದ ಊಟ ನನಗೇ ಬಡಿಸ್ತೀಯೇನೆ?"

ಗಂಡನ ಊಟವಾಗದೆ ಎಂದೂ ಉಣ್ಣದ ಲಕುಮವ್ವ ಅವನ ಪಕ್ಕದಲ್ಲೇ ಎಲೆ ಹಾಕಿಕೊಂಡು, ಅದೇ ಪಾತ್ರೆಯಿಂದ ಬಡಿಸಿಕೊಂಡು ಉಣ್ಣತೊಡಗಿದಳು. ಸೆಟ್ಟಿ ಅದನ್ನು ಕಂಡು, ತನ್ನ ಎಲೆಯನ್ನು ಹತ್ತಿರಕ್ಕೆ ಎಳೆದುಕೊಂಡನು.

ಹೀಗೆ ಇಬ್ಬರೂ ಉಪ್ಪು ಬಿಟ್ಟು ಗೌರಿಯ ವ್ರತ ನಡೆಸುತ್ತಿರಲು ಬಾವು ಮೆಲ್ಲಮೆಲ್ಲಗೆ ಇಳಿಯಿತು. ಒಂದು ಮುಂಜಾನೆ ಸೆಟ್ಟಿ ಅಂಗಾತ ಮಲಗಿರುವುದನ್ನು ಕಂಡು ಲಕುಮವ್ವ ಹೌಹಾರಿ, ಮೂಗಿನ ಬಳಿ ಬೆರಳಿಟ್ಟು ನೋಡಿದಳು. ಅವನು ಗೊರಕೆ ಹೊಡೆದನು. ಅವಳು ಅಲ್ಲೇ ಕೂತು ನಕ್ಕಳು, ಅತ್ತಳು.

ಈ ಕಥೆಯನ್ನು ಹೇಳಿದವರಿಗೂ, ಕೇಳಿದವರಿಗೂ, ವೈದ್ಯನ ಮುಂದೆ ನಿಜ ನುಡಿದವರಿಗೂ ಲಕುಮವ್ವನಿಗಾದ ಫಲವೇ ಆಗಲಿ. ತಾಯಿ ಅಲವಣ ಗೌರೀ, ಪಥ್ಯದ ಎಲೆಯ ಮುಂದೆ ಯಾರನ್ನೂ ಒಂಟಿಯಾಗಿ ಕೂರಿಸಬೇಡ.