ಒಂಟಿದಾಟು

ಮೇಲಿನ ಗುಡಿಯಿಂದ ಕೆಳಗಿನ ಮಠಕ್ಕೆ ಬರುವ ದಾರಿಯಲ್ಲಿ, ಎರಡು ಬಂಡೆಗಳ ನಡುವೆ ಒಂದು ಬೋಳು ಇಳಿಜಾರಿದೆ. ಬೇಸಿಗೆಯಲ್ಲಿ ಬಂದವರಿಗೆ ಅದು ಬರೀ ಹುಲ್ಲುಗಾವಲು. ಸಾಲಾಗಿ ಕೈಹಿಡಿದು ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಗದರಿದರೆ ‘ಅಜ್ಜಾರು ಸಿಟ್ಟಿನವರು’ ಎಂದು ನಗುತ್ತಾರೆ. ನಗಲಿ ಬಿಡಿ, ಹಿಮ ಬಿದ್ದಾಗ ಬಂದು ನೋಡಲಿ. ಈ ಜಾಗದ ಹೆಸರು ಒಂಟಿದಾಟು. ಇಷ್ಟು ದೂರದ ಹಿಮಗಿರಿಯಲ್ಲಿ ಕನ್ನಡದ ಹೆಸರೇ ಎಂದು ಹುಬ್ಬೇರಿಸುವವರುಂಟು. ಪೂಜೆಗೆಂದು ಇಲ್ಲಿಗೆ ಬಂದು ದೇವರನ್ನು ಹೊತ್ತ ನಮ್ಮ ಕಡೆಯ ಜಂಗಮರೇ ಆ ಹೆಸರಿಟ್ಟವರು.

ಹಿಂದೆ ಒಮ್ಮೆ, ಚಳಿಗಾಲಕ್ಕೆ ಮುನ್ನ ದೇವರ ಪಲ್ಲಕ್ಕಿಯನ್ನು ಮಠಕ್ಕೆ ಇಳಿಸುವ ಹೊತ್ತಿಗೆ, ಹಿಮ ಅವಸರ ಮಾಡಿತಂತೆ. ತೆಳ್ಳಗೆ ಬಿದ್ದು ನಿಂತಿತು. ಆಮೇಲೆ ಮೋಡವಿಲ್ಲದ ಕೊರೆಯುವ ಚಳಿ. ಅದರ ಮೇಲೆ ಮತ್ತೆ ದಟ್ಟ ಹಿಮ. ಮುಂದಾಳು ಮುರಿಗೆಯ್ಯನವರು ಇಳಿಜಾರಿನ ಅಂಚಿನಲ್ಲಿ ದಂಡ ಊರಿ ನೋಡಿದರು. ಮೇಲೆ ಗಟ್ಟಿಯಾಗಿ ತಡೆಯಿತು, ಆಮೇಲೆ ಸರ್ರನೆ ಇಳಿದುಹೋಯಿತು. ಅಗೆದರೆ ಅಡಿಯಲ್ಲಿ ಮುಷ್ಟಿಗೆ ಅಂಟದ ಹರಳು ಹಿಮ, ಒಣ ರವೆಯ ಹಾಗೆ. ಮೇಲಿನ ಗಟ್ಟಿ ಹಾಸು ಆ ರವೆಯ ಮೇಲೆ ಕುಳಿತಿತ್ತು. ಭಾರ ಹೆಚ್ಚಾದರೆ ಇಡೀ ಇಳಿಜಾರೇ ಜಾರುತ್ತದೆಂದು ಅವರಿಗೆ ತಿಳಿಯಿತು. ಹಿಂದಿರುಗೋಣವೆಂದರೆ ಗುಡಿಯಲ್ಲಿ ಕಾಳು ಉಳಿದಿರಲಿಲ್ಲ. “ಪಲ್ಲಕ್ಕಿ ಬಿಚ್ಚಿರಿ. ಒಬ್ಬ ಆಚೆ ಬಂಡೆ ಮುಟ್ಟುವ ತನಕ ಇನ್ನೊಬ್ಬ ಕಾಲಿಡಬಾರದು” ಎಂದರು. ಹೊರುವವರು ಹೌಹಾರಿದರು. ನಡುದಾರಿಯಲ್ಲಿ ದೇವರ ಪಲ್ಲಕ್ಕಿ ಬಿಚ್ಚುವುದುಂಟೆ? “ದೋಷ ನನ್ನ ತಲೆಗಿರಲಿ, ನೀವು ಬದುಕಿ” ಎಂದು ಗದರಿ, ಮೂರ್ತಿಯನ್ನು ಒಬ್ಬನ ಎದೆಗೆ ಕಟ್ಟಿ ಮೊದಲು ಕಳಿಸಿದರು.

ಒಬ್ಬೊಬ್ಬರೇ ಉಸಿರು ಬಿಗಿಹಿಡಿದು ದಾಟಿದರು. ಕೊನೆಗೆ ಈಚೆ ಉಳಿದವರು ಮುರಿಗೆಯ್ಯನವರು, ಶರಭಣ್ಣ ಮತ್ತು ಅವನ ತಮ್ಮ ಅಡಿವೆಪ್ಪ. ಅಣ್ಣತಮ್ಮಂದಿರು ವರ್ಷಾನುಗಟ್ಟಲೆ ಪಲ್ಲಕ್ಕಿಯ ಒಂದೇ ಬೊಂಬಿಗೆ ಹೆಗಲು ಕೊಟ್ಟವರು. ಪಲ್ಲಕ್ಕಿ ಹೊರುವವರಲ್ಲಿ ಒಂದು ರೂಢಿಯಿದೆ: ಒಬ್ಬ ಎಡವಿದರೆ ಪಕ್ಕದವನು ಯೋಚಿಸುತ್ತ ನಿಲ್ಲುವುದಿಲ್ಲ, ನುಗ್ಗಿ ಹೆಗಲು ಕೊಡುತ್ತಾನೆ. ಅಡಿವೆಪ್ಪ ಬೊಂಬು ಹೊತ್ತು ಅರ್ಧಕ್ಕಿಂತ ಮುಂದೆ ಹೋದವನು ತೊಡೆಮಟ್ಟ ಹೂತುಬಿಟ್ಟ. “ಅಣ್ಣಾ!” ಎಂದ, ಅಷ್ಟೇ. ಶರಭಣ್ಣನ ಕಾಲು ಆಗಲೇ ಹಿಮದ ಮೇಲಿತ್ತು. “ನಿಲ್ಲೋ, ಶರಭಾ!” ಎಂದು ಮುರಿಗೆಯ್ಯನವರು ಅವನ ಹೆಗಲ ವಸ್ತ್ರಕ್ಕೆ ಕೈಹಾಕಿದರು. ವಸ್ತ್ರ ಕೈಯಲ್ಲುಳಿಯಿತು, ಅವನು ಓಡಿದ. ಅಯ್ಯೋ, ಏನು ಹೇಳಲಿ, ತಮ್ಮ ಅಷ್ಟರಲ್ಲಿ ತಾನೇ ಎದ್ದು ನಡೆಯತೊಡಗಿದ್ದನಂತೆ! ಒಳಗೆಲ್ಲೋ ಧಪ್ಪೆಂದು ಕುಸಿದ ಸದ್ದಾಯಿತು, ಇಳಿಜಾರಿಗೆ ಅಡ್ಡಲಾಗಿ ಬಿರುಕು ಓಡಿತು. ಅಡಿವೆಪ್ಪ ಬೊಂಬು ಬಿಸುಟು ಆಚೆ ಬಂಡೆಯನ್ನು ತಬ್ಬಿದ. ತಿರುಗಿ ನೋಡಿದರೆ ಹಿಮವೂ ಇಲ್ಲ, ಅಣ್ಣನೂ ಇಲ್ಲ. “ನಾನು ಎದ್ದಿದ್ದೆನಲ್ಲೋ ಅಣ್ಣಾ” ಎಂದು ಅವನು ಬದುಕಿರುವಷ್ಟು ಕಾಲ ಅತ್ತನೆನ್ನುತ್ತಾರೆ.

ಅಂದಿನಿಂದ ಪಲ್ಲಕ್ಕಿಯನ್ನು ಇಲ್ಲಿ ಬಿಚ್ಚಿಯೇ ದಾಟಿಸುತ್ತಾರೆ. ಹೊರುವವರು ಮೊದಲು ಹೆಗಲ ವಸ್ತ್ರ ತೆಗೆದು, ಈಚೆ ಬಂಡೆಯ ಮೇಲೆ ಕಲ್ಲು ಹೇರಿ ಇಡಬೇಕು. ದಾಟು ಮುಗಿಯುವ ತನಕ ಯಾರಿಗೂ ಹೆಗಲು ಕೊಡೆನು ಎಂಬ ಮಾತು ಅದು. ನೋಡಲು ಬಂದವರು ಹರಕೆಯ ಬಟ್ಟೆಗಳೆಂದು ಕೈಮುಗಿಯುತ್ತಾರೆ. ತುದಿಯಲ್ಲಿ ಬಣ್ಣಗೆಟ್ಟ ಕಾವಿಯದೊಂದಿದೆಯಲ್ಲ, ಅದು ನನ್ನದು. ನಾನು ಅದನ್ನಿಟ್ಟ ವರ್ಷ ದಾಟಿನ ನಡುವಿನಲ್ಲಿ ಎಡವಿ ಬಿದ್ದವನು ನನ್ನ ಮಗ. ಅವನು ಎದ್ದು ಆಚೆ ಮುಟ್ಟುವ ತನಕ, ನಾನು ವಸ್ತ್ರದ ಮೇಲಿನ ಆ ಕಲ್ಲನ್ನು ಎರಡೂ ಕೈಯಿಂದ ಒತ್ತಿ ಹಿಡಿದು ನಿಂತಿದ್ದೆ.