ಸವುಳಹಟ್ಟಿಯ ಸೊಲ್ಲಿನ ಬಾವಿ

ಸವುಳಹಟ್ಟಿಯಿಂದ ಬಡಗಣಕ್ಕೆ, ಹುಣಸೆ ತೋಪು ದಾಟಿದ ಮೇಲೆ, ಕಪ್ಪು ಕಲ್ಲಿನ ಒಂದು ದೊಡ್ಡ ಬಾವಿ ಸಿಗುತ್ತದೆ. ಈಗ ಅದರ ಬಾಯಿಗೆ ಕಬ್ಬಿಣದ ಜಾಲರಿ ಹೊದಿಸಿದ್ದಾರೆ, ಪಂಚಾಯಿತಿಯವರು ಮೋಟಾರು ಕೂರಿಸಿದ್ದಾರೆ. ಸುತ್ತಲಿನ ಊರುಗಳ ನೀರೆಲ್ಲ ಬಾಯಿಗಿಟ್ಟರೆ ಉಪ್ಪುಪ್ಪು. ಇದೊಂದರ ನೀರು ಮಾತ್ರ ಸಿಹಿ. ಹೆಸರು ಸೊಲ್ಲಿನ ಬಾವಿ. ಬಾವಿಗೆ ದೇವರ ಹೆಸರಿಡುವುದುಂಟು, ತೋಡಿಸಿದ ಪುಣ್ಯಾತ್ಮನ ಹೆಸರಿಡುವುದುಂಟು. ಸೊಲ್ಲು ಎಂದರೆ ಹಾಡಿನ ಒಂದು ಸಾಲು, ಅದು ಬಾವಿಗೆ ಹೇಗೆ ಅಂಟಿಕೊಂಡಿತು? ಒಳಗೆ ಬಗ್ಗಿ ಕೂಗಿದರೆ ಮಾರ್ದನಿ ಬರುತ್ತದೆ, ಅದಕ್ಕೇ ಈ ಹೆಸರು ಎನ್ನುವವರಿದ್ದಾರೆ. ಮಾರ್ದನಿ ಯಾವ ಬಾವಿಯಲ್ಲಿ ಬರುವುದಿಲ್ಲ ಹೇಳಿ? ಹಾಗೆ ನೋಡಿದರೆ ನಾಡಿನ ಬಾವಿಗಳಿಗೆಲ್ಲ ಇದೇ ಹೆಸರಿರಬೇಕಿತ್ತು. ಹಟ್ಟಿಯ ಮುದುಕಿಯರು ಹೇಳುವ ಕಥೆಯೇ ಬೇರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲ ಮುಗಿಯುತ್ತ ಬಂದಿದ್ದಾಗ, ಹಟ್ಟಿಯವರು ಸಿಹಿನೀರಿನ ಆಸೆಗೆ ಬಾವಿ ತೋಡುವವರ ಒಂದು ತಂಡವನ್ನು ಕರೆಸಿದರಂತೆ. ಆ ತಂಡದವರಿಗೆ ಅವರದೇ ಕಟ್ಟುಕಟ್ಟಳೆಗಳು. ಒಳಗೆ ಇಳಿದವನನ್ನು ಮೇಲಿನಿಂದ ಹೆಸರು ಹಿಡಿದು ಕೂಗಬಾರದು. ಕೂಗಿದರೆ ಆ ಹೆಸರು ಜವರಾಯನ ಕಿವಿಗೂ ಬೀಳುತ್ತದೆ ಎಂಬ ಅಂಜಿಕೆ. ಆದರೆ ಕೆಳಗಿನವರು ಕ್ಷೇಮವಾಗಿದ್ದಾರೋ ಇಲ್ಲವೋ ತಿಳಿಯಬೇಕಲ್ಲ? ಅದಕ್ಕೆ ಹಾಡಿತ್ತು. ದಡದಲ್ಲಿ ಕುಳಿತ ಹೆಂಗಸೊಬ್ಬಳು ಒಂದು ಸೊಲ್ಲು ಎತ್ತಿಕೊಡುತ್ತಿದ್ದಳು, ಕೆಳಗಿನವರು ಸರದಿಯ ಮೇಲೆ ಒಬ್ಬೊಬ್ಬರಾಗಿ ಮರುಸೊಲ್ಲು ಹೇಳುತ್ತಿದ್ದರು. ಮರುಸೊಲ್ಲು ಬಾರದಿದ್ದರೆ ಮೇಲಿನವರು ಹಗ್ಗಕ್ಕೆ ಕೈ ಹಾಕುತ್ತಿದ್ದರು. ಇನ್ನೊಂದು ಕಟ್ಟಳೆ ಇದಕ್ಕಿಂತ ಬಿರುಸು. ಬಾವಿಯೊಳಗೆ ಯಾರಾದರೂ ಸತ್ತರೆಂದು ತಿಳಿದೊಡನೆ ಹಾರೆ ಗುದ್ದಲಿಗಳನ್ನು ನೆಲಕ್ಕಿಡಬೇಕು. ಗಂಗಮ್ಮನಿಗೆ ಶಾಂತಿ ಮಾಡಿ ಮಾರನೆಯ ಸೂರ್ಯ ಹುಟ್ಟುವವರೆಗೆ ಯಾರೂ ಕಲ್ಲು ಮುಟ್ಟಬಾರದು. ಮುಟ್ಟಿದರೆ ಬಾವಿ ಇನ್ನೊಂದು ತಲೆ ಕೇಳುತ್ತದೆ ಎನ್ನುತ್ತಿದ್ದರು. ಗಂಡಾಂತರದ ಕೆಲಸ ಮಾಡುವವರು, ಅವರ ಭಯವನ್ನು ನೋಡಿ ನಗುವುದು ನಮಗೆ ಸುಲಭ.

ಆ ತಂಡದಲ್ಲಿ ಸೊಲ್ಲು ಎತ್ತಿಕೊಡುತ್ತಿದ್ದವಳು ಕೆಂಚವ್ವ. ಬಾಯಿ ಜೋರು, ಕಿವಿ ಅದಕ್ಕಿಂತ ಚುರುಕು. ಕೆಳಗೆ ಇಳಿಯುತ್ತಿದ್ದವರು ಮೂವರು: ತಂಡದ ಹಿರಿಯ ಓಬಳಯ್ಯ, ಹೊಸದಾಗಿ ಮದುವೆಯಾಗಿದ್ದ ಗಾದ್ರಿ, ಕೆಂಚವ್ವನ ಗಂಡ ಕಾಟಯ್ಯ. “ಏಳು ಮಣ್ಣಿನ ತಳದಾಗ ಯಾರವ್ರೆ ಹೇಳಣ್ಣ?” ಎಂದು ಅವಳು ಎತ್ತಿದರೆ, “ಗಂಗವ್ವ ಮಲಗವ್ಳೆ, ಎಬ್ಬಿಸ್ತೀನಿ ಬಾರಕ್ಕ” ಎಂದು ಮೂರು ದನಿಗಳು ಒಂದರ ಹಿಂದೊಂದು ಮೇಲೇರಿ ಬರುತ್ತಿದ್ದವು. ಹಟ್ಟಿಯ ಹೆಂಗಸರು ಕೆಲಸ ಬಿಟ್ಟು ಬಂದು ಇದನ್ನು ಕೇಳುತ್ತ ನಿಲ್ಲುತ್ತಿದ್ದರಂತೆ.

ಒಂದು ದಿನ ಮಧ್ಯಾಹ್ನದ ಹೊತ್ತು. ತಳದಲ್ಲಿ ನೀರಿನ ಸೆಲೆಯ ಜಾಡು ಹಿಡಿದು ಮೂವರೂ ಅಡ್ಡಕ್ಕೆ ಒಂದು ಗವಿ ಕೊರೆಯುತ್ತಿದ್ದರು. ಪಕ್ಕದ ಗೋಡೆ ಕುಸಿದು, ಬಂಡೆಗಳು ಉರುಳಿ ಬಂದು ಗವಿಯ ಬಾಯಿ ಮುಚ್ಚಿಹೋಯಿತು. ಬಾವಿಯ ತುಂಬ ದೂಳು. ಮೇಲಿದ್ದ ಗಂಡಸರು ಹಗ್ಗ ಹಿಡಿದುಕೊಂಡೇ ಒಬ್ಬರ ಮುಖ ಒಬ್ಬರು ನೋಡಿದರು. “ಮುಗೀತು” ಎಂದು ಯಾರೋ ಹಾರೆಯನ್ನು ನೆಲಕ್ಕಿಟ್ಟರು. ಆದರೆ ಕೇಳಿ ನೋಡದೆ ಮುಗಿಯಿತು ಎನ್ನಲು ಕೆಂಚವ್ವನಿಗೆ ಮನಸ್ಸಾಗಲಿಲ್ಲ. ಬಾವಿಗೆ ಬಗ್ಗಿ ಸೊಲ್ಲು ಎತ್ತಿದಳು. ತುಸು ಹೊತ್ತಿನ ಮೇಲೆ, ಬಂಡೆಗಳ ಸಂದಿನಿಂದ ಓಬಳಯ್ಯನ ದನಿ ಬಂತು. ಆಮೇಲೆ ಗಾದ್ರಿಯದು. ಆಮೇಲೆ ಸಣ್ಣಗೆ ಮೂರನೆಯದು. ಮೂವರೂ ಬದುಕಿದ್ದಾರೆ ಎಂದು ಗಂಡಸರು ಹಾರೆ ಹಿಡಿದು ಇಳಿದೇಬಿಟ್ಟರು.

ಕೆಂಚವ್ವನಿಗೆ ಮಾತ್ರ ಅನುಮಾನ ಹುಟ್ಟಿತು. ಅವಳ ಗಂಡ ಹುಟ್ಟಾ ತಾಳಗೇಡಿ. ಎಷ್ಟು ಬೈದರೂ ಯಾವಾಗಲೂ ಒಂದುಸಿರು ಹಿಂದೆ ಬೀಳುತ್ತಿದ್ದ. ಉಳಿದವರ ಹಾಡು ಕೆಡಬಾರದೆಂದೇ ಅವನನ್ನು ಸರದಿಯ ಕೊನೆಗೆ ಹಾಕಿದ್ದರು. ಈಗ ಬಂದ ಮೂರನೆಯ ದನಿ ಕಾಟಯ್ಯನದರ ಹಾಗೆಯೇ ಇತ್ತು, ಆದರೆ ತಾಳಕ್ಕೆ ಸರಿಯಾಗಿ ಬಿದ್ದಿತ್ತು. ಒಂದು ಸಲ ಏನೋ ಆಗಿರಬಹುದೆಂದು ಇನ್ನೊಂದು ಸೊಲ್ಲು ಎತ್ತಿದಳು. ಅದೂ ಸರಿಯಾಗಿಯೇ ಬಂತು. ಒಳಗೆ ಬೇರೆ ಯಾರೋ ತನ್ನ ಗಂಡನ ಪಾಲಿನ ಸೊಲ್ಲು ಹೇಳುತ್ತಿದ್ದಾರೆ, ಅವನು ಇನ್ನಿಲ್ಲ ಎಂದು ಅವಳಿಗೆ ಖಚಿತವಾಯಿತು. ಒಂದು ಸಲ ಬಾಯಿ ಬಿಟ್ಟು ಅತ್ತರೆ ಸಾಕು, ಹಾರೆಗಳೆಲ್ಲ ನೆಲಕ್ಕೆ ಬೀಳುತ್ತವೆ. ನಾಳೆ ಬೆಳಗಾಗುವವರೆಗೆ ಗಾಳಿಯಿಲ್ಲದ ಆ ಗವಿಯಲ್ಲಿ ಉಳಿದಿಬ್ಬರು ಉಸಿರು ಹಿಡಿಯಲಾರರು. ಆಗ ತನಗೆ ದುಃಖಕ್ಕಿಂತ ತನ್ನ ಬಾಯಿಯ ಭಯವೇ ಹೆಚ್ಚಾಗಿತ್ತು ಎಂದು ಮುದುಕಿಯಾದ ಮೇಲೆ ಅವಳು ಹೇಳಿಕೊಳ್ಳುತ್ತಿದ್ದಳಂತೆ.

ಹಾಡಿದಳು. ಬಾವಿಯ ಹಾಡು ಮುಗಿದವು, ಬೀಸುವ ಹಾಡು ಮುಗಿದವು. ಅಳುವಿನ ಹತ್ತಿರ ಸುಳಿಯುವ ಯಾವ ಹಾಡೂ ಆ ಹೊತ್ತಿಗೆ ಕೂಡದು. ಕೊನೆಗೆ ಬೀಗರನ್ನು ಗೇಲಿ ಮಾಡುವ ಮದುವೆ ಹಾಡಿಗೇ ಕೈ ಹಾಕಿದಳು. “ಹೊತ್ತು ಮೀರಿ ಬಂದ ಮದುಮಗಗೆ ಹಳಸಿದನ್ನ ಇಕ್ಕೀರೇ” ಎಂದು ಅವಳು ಎತ್ತಿದಾಗ, ಬಂಡೆ ಸರಿಸುತ್ತಿದ್ದ ಗಂಡಸರಿಗೂ ನಗು ಬಂತಂತೆ. “ಹಳಸಿದರೇನಕ್ಕ, ಹಸಿವೈತೆ ತಾರಕ್ಕ” ಎಂದು ಓಬಳಯ್ಯ ಹೇಳಿದ, ಗಾದ್ರಿ ಹೇಳಿದ. ಕೊನೆಗೆ ಸತ್ತವನ ಸರದಿ ಬಂದಾಗ ಆ ಮೂರನೆಯ ದನಿ ಚೂರು ಒಡೆಯಿತು, ಆದರೂ ಹೇಳಿ ಮುಗಿಸಿತು. ಹಾಗೆ ಹಾಡುತ್ತ ಹಾಡುತ್ತ ಸಂಜೆಯಾಯಿತು.

ಹೊತ್ತು ಮುಳುಗುವ ಮುಂಚೆ ಬಂಡೆಗಳ ನಡುವೆ ಮನುಷ್ಯ ನುಸುಳುವಷ್ಟು ದಾರಿಯಾಯಿತು. ಮೊದಲು ಗಾದ್ರಿಯನ್ನು ಎಳೆದರು. ಓಬಳಯ್ಯ ಕೊನೆಯಲ್ಲಿ ಬಂದ. ಅವನ ಪಂಚೆಯೆಲ್ಲ ಕಾಟಯ್ಯನ ತಲೆಯ ರಕ್ತ. ಮೇಲೆ ಬಂದವನು ನೇರವಾಗಿ ಕೆಂಚವ್ವನ ಮುಂದೆ ಕುಸಿದು ಕೂತ.

“ತಂಗೀ, ಅವ್ನು ಮೊದಲ್ನೇ ಕಲ್ಲಿಗೇ ಹೋಗ್ಬಿಟ್ಟ. ಮೂರ್ನೇ ಸೊಲ್ಲು ನಂದು. ನೀನು ಅತ್ರೆ ಇವ್ರು ಹಾರೆ ಇಟ್ಬಿಡ್ತಾರೆ ಅಂತ ನಿಂಗೆ ಸುಳ್ಳು ಹಾಡ್ದೆ.”

“ಗೊತ್ತಿತ್ತಣ್ಣ,” ಎಂದಳು ಕೆಂಚವ್ವ. “ನಮ್ಮನೆಯೋರು ಯಾವತ್ತು ತಾಳಕ್ಕೆ ಸರಿಯಾಗಿ ಹಾಡಿದ್ರು?”

“ಗೊತ್ತಿದ್ದೂ ಯಾಕವ್ವ ನಿಲ್ಲಿಸ್ಲಿಲ್ಲ?”

“ನೀವಿಬ್ರು ಇನ್ನೂ ಒಳಗಿದ್ರಲ್ಲ.”

ಅಷ್ಟು ಹೇಳಿದ ಮೇಲೆಯೇ ಅವಳು ನೆಲಕ್ಕೆ ಬಿದ್ದು ಅತ್ತದ್ದು. ಗಂಡ ಸತ್ತಾಗ ಮದುವೆ ಹಾಡು ಹೇಳಿದಳೆಂದು ಆಡಿಕೊಂಡವರೂ ಇದ್ದರಂತೆ, ಅಂಥವರು ಯಾವ ಊರಿನಲ್ಲಿಲ್ಲ? ಶಾಂತಿಯಾದ ಮೇಲೆ ಅದೇ ತಂಡದವರು ಕಾಟಯ್ಯನ ಹೆಣವನ್ನು ಮೇಲೆತ್ತಿ, ಬಾವಿಯನ್ನು ತೋಡಿ ಮುಗಿಸಿದರು, ಕಾಟಯ್ಯ ಬಿದ್ದ ಕಡೆಯಿಂದಲೇ ಸಿಹಿನೀರಿನ ಸೆಲೆ ಉಕ್ಕಿತು. ಹಟ್ಟಿಯ ಗೌಡ ತನ್ನ ತಂದೆಯ ಹೆಸರಿಡಬೇಕೆಂದು ಶಾಸನದ ಕಲ್ಲನ್ನೇ ತರಿಸಿದ್ದನಂತೆ. ಆದರೆ ನೀರಿಗೆ ಹೊರಟ ಹೆಂಗಸರ ಬಾಯಲ್ಲಿ ಅಷ್ಟರಲ್ಲಾಗಲೇ ಸೊಲ್ಲಿನ ಬಾವಿ ಎಂದು ನಿಂತುಹೋಗಿತ್ತು. ಏನೂ ಕೆತ್ತದ ಆ ಕಲ್ಲು ಈಗಲೂ ಹುಣಸೆ ಮರದಡಿ ಮಲಗಿದೆ, ದನ ಕಾಯುವವರು ಅದರ ಮೇಲೆ ಕೂತು ಬುತ್ತಿ ಉಣ್ಣುತ್ತಾರೆ.

ಬಾವಿ ನೋಡಲು ಹೋದವರು ಹಟ್ಟಿಯೊಳಗೂ ಒಮ್ಮೆ ಹೋಗಿ ಬರಬೇಕು. ಯಾವುದಾದರೂ ಮನೆಯ ಮುಂದೆ ಜನ ಸೇರಿ, ಒಳಗಿನಿಂದ ಹಾಡು ಕೇಳಿಬರುತ್ತಿದ್ದರೆ ಮದುವೆ ಮನೆಯೆಂದು ತಿಳಿಯಬೇಡಿ. ಅಲ್ಲಿ ಯಾರದೋ ಕೊನೆಗಾಲ ಬಂದಿರುತ್ತದೆ. ಮಂಚದ ಸುತ್ತ ಕೂತವರು, ಮಲಗಿದವರಿಗೆ ಇಷ್ಟವಾದ ಹಾಡಿನ ಒಂದು ಸೊಲ್ಲು ಎತ್ತಿ, ಅವರ ತುಟಿ ಅಲುಗುತ್ತದೆಯೇ ಎಂದು ಕಾಯುತ್ತಾರೆ. ಅಲುಗದೆ ಹೋದಾಗ ಮರುಸೊಲ್ಲನ್ನು ತಾವೇ ಹೇಳುತ್ತಾರೆ, ಉಸಿರು ನಿಂತದ್ದು ಕಂಡರೂ ಹಾಡನ್ನು ನಡುವೆ ಬಿಡುವುದಿಲ್ಲ. ಅದನ್ನು ಪೂರ್ತಿ ಹಾಡಿ ಮುಗಿಸಿದ ಮೇಲೆಯೇ ಅವರು ಅಳುತ್ತಾರೆ.