ಮರವಿಲ್ಲದ ಬೇರುಗಲ್ಲು ಪೇಟೆ

ಬೇರು ಹೋದಷ್ಟು ದೂರ ಸುಂಕವಿಲ್ಲ. ಮಾದನಕೋಟೆಯ ವರ್ತಕರು ಕೋಟೆಯ ನಾಯಕನೊಂದಿಗೆ ಮಾಡಿಕೊಂಡ ಕರಾರು ಇಷ್ಟೇ, ಅದರ ಗುರುತು ಈಗಲೂ ಬೀದಿಯಲ್ಲಿದೆ. ಬಸ್ ನಿಲ್ದಾಣದಿಂದ ಕೋಟೆ ಬಾಗಿಲಿನ ಕಡೆಗೆ ನಡೆದರೆ ಸಿಗುವುದೇ ಬೇರುಗಲ್ಲು ಪೇಟೆ. ಎರಡೂ ಬದಿಗೆ ಪಾತ್ರೆ, ಬಟ್ಟೆ, ಕಿರಾಣಿ, ಮೊಬೈಲ್ ಅಂಗಡಿಗಳು. ನಡುವೆ ವರ್ಷಕ್ಕೆರಡು ಸಲ ಅಗೆದು ಮುಚ್ಚುವ ರಸ್ತೆ. ಆ ರಸ್ತೆಯಲ್ಲಿ ನೆಲಕ್ಕೆ ಸಮನಾಗಿ ಹುದುಗಿದ ಒಂಬತ್ತು ಕರಿಯ ಕಲ್ಲುಗಳಿವೆ. ಪ್ರತಿಯೊಂದರ ಮೇಲೂ ಡೊಂಕು ಡೊಂಕಾದ ಒಂದು ಗೆರೆ ಕೊರೆದಿದೆ. ಹೊಸಬರು ನಾಗರಕಲ್ಲೆಂದುಕೊಂಡು ಕುಂಕುಮ ಹಚ್ಚಿ ಹೋಗುತ್ತಾರೆ. ಅದು ಹಾವಲ್ಲ, ಬೇರು. ಕಲ್ಲುಗಳು ನೆಟ್ಟಗಿನ ಸಾಲಿನಲ್ಲಿಯೂ ಇಲ್ಲ. ಕೋಟೆ ಬಾಗಿಲಿಂದ ಎಣಿಸಿದರೆ ಮೊದಲ ಮೂರು ಬೀದಿಯ ನಡುವೆ, ಮುಂದಿನ ನಾಲ್ಕು ಎಡಕ್ಕೆ ಸರಿದು ಅಂಗಡಿಗಳ ಜಗಲಿಗೆ ಒತ್ತಿಕೊಂಡು, ಕಡೆಯ ಎರಡು ಮತ್ತೆ ಬಲಕ್ಕೆ. ಒಂಬತ್ತನೆಯದು ಪಾತ್ರೆ ಅಂಗಡಿಯ ಮೆಟ್ಟಿಲ ಬುಡದಲ್ಲಿದೆ. ಬೇರು ಇಷ್ಟು ದೂರ ಬಂದಿದ್ದರೆ ಮರ ಎಲ್ಲಿ ಎಂದು ಕೇಳದವರಿಲ್ಲ. ಮರ ಇದ್ದ ಕಡೆ ಈಗ ವಿದ್ಯುತ್ ಟ್ರಾನ್ಸ್‌ಫಾರ್ಮರ್ ಇದೆ.

ಹಿಂದೆ ಒಮ್ಮೆ ಅಲ್ಲಿ, ಕೋಟೆ ಬಾಗಿಲಿಗೆ ಅಂಟಿಕೊಂಡಂತೆ, ಒಂದು ಬಸರಿ ಮರವಿತ್ತು. ನಡುಹಗಲಲ್ಲಿ ಅದರ ನೆರಳು ಬುಡದಿಂದ ಎಂಟು ಮಾರು ಚಾಚುತ್ತಿತ್ತು ಎನ್ನುತ್ತಾರೆ. ಪಡುವಣ ಸೀಮೆಯ ಉಪ್ಪಿನ ಗಾಡಿಗಳು, ಬಡಗಣದ ಹತ್ತಿಯ ಗಾಡಿಗಳು ಬಿಸಿಲು ಏರುವ ಹೊತ್ತಿಗೆ ಅಲ್ಲಿ ನಿಂತು ಎತ್ತುಗಳ ಕೊರಳು ಬಿಚ್ಚುತ್ತಿದ್ದವು. ಎತ್ತು ನಿಂತಲ್ಲಿ ಗಾಡಿಯವನು ನಿಲ್ಲುತ್ತಾನೆ, ಗಾಡಿಯವನು ನಿಂತಲ್ಲಿ ಸರಕು ಇಳಿಯುತ್ತದೆ, ಸರಕು ಇಳಿದಲ್ಲಿ ಪೇಟೆ. ಮಾದನಕೋಟೆಯ ಪೇಟೆ ಹುಟ್ಟಿದ್ದು ಹೀಗೆಯೇ ಹೊರತು ಯಾವ ದೇವರ ಅಪ್ಪಣೆಯಿಂದಲೂ ಅಲ್ಲ. ನಾಯಕನ ಅಜ್ಜಿ ಮದುವಣಗಿತ್ತಿಯಾಗಿ ಬಂದ ದಿನ ಬಿಸಿಲಿಗೆ ತಲೆ ಸುತ್ತಿ ಬಿದ್ದವಳು ಆ ನೆರಳಿನಲ್ಲಿ ಚೇತರಿಸಿಕೊಂಡಳಂತೆ. ಆಕೆಯ ನೆನಪಿಗೆ, ಮರದ ನೆರಳಿನಲ್ಲಿ ಇಳಿಸಿದ ಸರಕಿಗೆ ಸುಂಕ ಬೇಡ ಎಂದು ನಾಯಕ ಹೇಳಿಬಿಟ್ಟ. ಹೇಳುವಾಗ ನೆರಳು ಒಂದು ಕಡೆ ಕೂರುವ ವಸ್ತುವಲ್ಲ ಎಂಬುದು ಅವನಿಗೆ ಹೊಳೆದಿರಲಿಕ್ಕಿಲ್ಲ. ಬೆಳಿಗ್ಗೆ ಪಡುವಲ ಜಗಲಿಗಳ ಮೇಲಿದ್ದ ಗಂಟುಗಳು ಮಧ್ಯಾಹ್ನ ಬುಡಕ್ಕೆ ಬರುತ್ತಿದ್ದವು, ಸಂಜೆ ಮೂಡಲಿಗೆ ಓಡುತ್ತಿದ್ದವು. ಸುಂಕದವನು ನೆರಳಿನ ಅಂಚಿಗೆ ಕೋಲು ಊರಿ ನಿಲ್ಲುತ್ತಿದ್ದ. ಅವನು ಬಾಯಿಗೆ ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಕೋಲು ಬಿಸಿಲಲ್ಲಿರುತ್ತಿತ್ತು. ಮರದ ಬುಡದಲ್ಲಿ ಮಜ್ಜಿಗೆ ಮಾರುತ್ತಿದ್ದ ಕೆಂಚಕ್ಕ ಎಂಬಾಕೆ, "ಹೊತ್ತಿಗೊಂದು ಸಲ ಗಂಟು ಹೊರೋ ಬದಲು ಮರವನ್ನೇ ಒಂಚೂರು ತಿರುಗಿಸಿಕೊಳ್ಳಿ ಶೆಟ್ರೆ" ಎಂದು ನಗುತ್ತಿದ್ದಳು.

ನಗು ಬರದಿದ್ದದ್ದು ಸಂಗಪ್ಪಶೆಟ್ಟಿ ಒಬ್ಬನಿಗೆ. ಅವನು ಕಂಬಳಿ ವ್ಯಾಪಾರಿ, ಪೇಟೆಯ ಪಟ್ಟಣಶೆಟ್ಟಿ. ಅಂದರೆ ವರ್ತಕರ ಪರವಾಗಿ ಕೋಟೆಯಲ್ಲಿ ಮಾತಾಡುವವನು. ಆದರೆ ಅವನ ಅಂಗಡಿ ಬೀದಿಯ ಕೊನೆಯಲ್ಲಿತ್ತು. ಬೇಸಗೆ, ಮಳೆಗಾಲ, ಬೆಳಗು, ಬೈಗು, ಯಾವ ಹೊತ್ತಿನಲ್ಲೂ ನೆರಳು ಅಲ್ಲಿಯವರೆಗೆ ಬರುತ್ತಿರಲಿಲ್ಲ. ಅವನು ಪ್ರತಿ ಕಂಬಳಿಗೂ ಸುಂಕ ಕಟ್ಟಿ ಮಾರಬೇಕು, ಬುಡದಲ್ಲಿ ಕೂತವರು ಕಟ್ಟದೆ ಮಾರುತ್ತಾರೆ. ಹೀಗೇ ನಡೆದರೆ ಎರಡು ಚಳಿಗಾಲದೊಳಗೆ ಬಾಗಿಲು ಹಾಕಬೇಕೆಂಬುದು ಅವನಿಗೆ ಗೊತ್ತಿತ್ತು. ಇನ್ನೊಂದು ಸಂಗತಿ ವರ್ತಕರಲ್ಲಿ ಅವನಿಗೆ ಮಾತ್ರ ಗೊತ್ತಿತ್ತು. ಹಿಂದಿನ ಮಳೆಗಾಲದಲ್ಲಿ ಅವನ ಅಂಗಡಿಯ ಬಚ್ಚಲ ಮೋರಿ ಕಟ್ಟಿಕೊಂಡಾಗ ಬಾವಿ ತೋಡುವ ಯಲ್ಲಬೋವಿ ಅದರೊಳಗಿಂದ ಕುದುರೆ ಬಾಲದಂಥ ಬೇರಿನ ಗೊಂಚಲೊಂದನ್ನು ಎಳೆದು ತೆಗೆದಿದ್ದ. ಮುರಿದಾಗ ಹಾಲು ಒಸರಿತ್ತು. "ನಿಮ್ಮ ಕೋಟೆ ಬಾಗಿಲ ಬಸರಿ ಶೆಟ್ರೆ, ನಿಮ್ಮ ಬಚ್ಚಲಿಗೆ ನೀರಿಗೆ ಬಂದೈತೆ" ಎಂದಿದ್ದ ಯಲ್ಲಬೋವಿ. ಶೆಟ್ಟಿ ಆ ಗೊಂಚಲನ್ನು ಯಾರಿಗೂ ತೋರಿಸದೆ ಒಲೆಗೆ ಹಾಕಿ, ನಾಯಕನ ಮುಂದೆ ಹೋಗಿ ನಿಂತ. "ನೆರಳಿನ ಗಡಿಯಿಂದ ದಿನಾ ಜಗಳ, ಒಡೆಯರು ಕದಲದ ಗಡಿ ಒಂದನ್ನು ಹಾಕಿಕೊಡಬೇಕು" ಎಂದ. ನಾಯಕ, "ಮರದಲ್ಲಿ ಕದಲದ್ದು ಬೇರೊಂದೇ. ಅದು ಎಲ್ಲಿಯವರೆಗೆ ಹೋಗಿದೆಯೋ ನನ್ನ ಕಣ್ಣಿಗೆ ತೋರಿಸಿ, ಅಲ್ಲಿಯವರೆಗೆ ನಿಮ್ಮದು" ಎಂದ. ಬೇರು ನೆರಳಿನಷ್ಟೇ ಇರುತ್ತದೆಂದು ನಂಬಿದ್ದ ಉಳಿದ ವರ್ತಕರು ತಲೆಯಾಡಿಸಿದರು. ಸಂಗಪ್ಪಶೆಟ್ಟಿ ಒಳ್ಳೆಯ ವ್ಯಾಪಾರ ಕುದುರಿಸಿದ್ದ. ಅಲ್ಲಿಯವರೆಗೆ ತಪ್ಪೇನೂ ಇಲ್ಲ.

ಕೆಲಸ ಯಲ್ಲಬೋವಿಗೆ ಬಂತು. ಅವನು ಎರಡು ದಿನ ಬೀದಿಯಲ್ಲಿ ಸುಮ್ಮನೆ ಓಡಾಡಿ, ಎಲ್ಲೆಲ್ಲಿ ಮೋರಿ ಸೋರುತ್ತದೆ, ನೂಲಿಗೆ ಬಣ್ಣ ಹಾಕುವವರ ಅಂಗಳದ ನೀರು ಎತ್ತ ಹರಿಯುತ್ತದೆ, ಹಳೆಯ ಮುಚ್ಚಿದ ಬಾವಿ ಎಲ್ಲಿತ್ತು ಎಂದು ಕೇಳಿಕೊಂಡ. ಆಮೇಲೆ ಬಂದು, ಮೂರು ಮಾರಿಗೊಂದು ಗುಳಿ ತೋಡುತ್ತೇನೆ, ಬೇರು ಕಂಡೊಡನೆ ನೋಡಿಕೊಳ್ಳಿ, ಆ ಕ್ಷಣವೇ ಒದ್ದೆ ಮಣ್ಣು ಮುಚ್ಚಿಬಿಡುತ್ತೇನೆ ಎಂದ. "ಮೂರು ಕಡೆ ಕೋಟೆ ಬಂಡೆ ಐತೆ. ಈ ಮರ ಬದುಕಿರೋದೇ ನಿಮ್ಮ ಬೀದಿ ಅಡೀಲಿ. ನೀವು ಚೆಲ್ಲಿದ ನೀರು ಕುಡಕೊಂಡು ನಿಮಗೇ ನೆರಳು ಕೊಡ್ತೈತೆ. ಅದಕ್ಕೆ ಬಿಸಿಲು ತೋರಿಸಬಾರದು ಶೆಟ್ರೆ." ಆಗ ತೊಡಕು ತೆಗೆದವರು ವರ್ತಕರೇ. ಒಂದು ಗುಳಿಯಲ್ಲಿ ಕಂಡ ತುಂಡು ಬಸರಿಯದೋ ಹಿತ್ತಿಲ ಬೇವಿನದೋ? ಈ ಗುಳಿಯ ಬೇರೇ ಆ ಗುಳಿಗೆ ಬಂತೆಂದು ಯಾರು ಹೇಳಬೇಕು? ಬೆಲ್ಲದ ಅಂಗಡಿಯ ರುದ್ರಶೆಟ್ಟಿ ಎಲ್ಲರ ಮನಸ್ಸಿನದನ್ನು ಆಡಿದ: "ಥಾನು ಬಿಚ್ಚದೆ ಬಟ್ಟೆ ಕೊಂಡವನನ್ನು ನಾನು ನೋಡಿಲ್ಲ. ಬುಡದಿಂದ ತುದಿಯವರೆಗೆ ಬಿಚ್ಚಿ ತೋರಿಸಲಿ." ಅನುಮಾನ ನಾಯಕನದಾಗಿರಲಿಲ್ಲ, ಒಬ್ಬರ ಮೇಲೊಬ್ಬರಿಗೆ ಇತ್ತು. ಸರಕನ್ನು ಪೂರಾ ಬಿಡಿಸಿ ನೋಡುವುದು ನಮ್ಮ ವರ್ತಕರ ಕಸುಬಿನ ಮೊದಲ ಪಾಠ. ಜೀವವಿರುವ ಸರಕಿಗೆ ಆ ಪಾಠ ಹೊಂದುವುದಿಲ್ಲ ಎಂದು ಹೇಳಿಕೊಟ್ಟವರು ಯಾರೂ ಇರಲಿಲ್ಲ. ಸಂಗಪ್ಪಶೆಟ್ಟಿ ಯಲ್ಲಬೋವಿಯ ಮಾತನ್ನು ಹಿಡಿದು ನಿಲ್ಲಬಹುದಿತ್ತು. ನಿಂತರೆ ಅಷ್ಟು ನಂಬಿಕೆ ಎಲ್ಲಿಂದ ಬಂತೆಂಬ ಪ್ರಶ್ನೆ ಎದ್ದು, ಬಚ್ಚಲ ಬೇರಿನ ಗುಟ್ಟು ಹೊರಬೀಳುತ್ತಿತ್ತು. ಅವನೂ ರುದ್ರಶೆಟ್ಟಿಯ ಮಾತಿಗೆ ಹೂಂಗುಟ್ಟಿದ.

ಮಾಘದಲ್ಲಿ ಅಗೆತ ಶುರುವಾಯಿತು. ಸೊಂಟದಾಳದ ಕಾಲುವೆ ಬುಡದಿಂದ ಹೊರಟಿತು. ಬೇರು ಈಗ ಮೂರು ಕಲ್ಲಿರುವಷ್ಟು ದೂರ ನೆಟ್ಟಗೆ ಬಂದು, ಬಣ್ಣದವರ ಅಂಗಳದ ನೀರು ಹರಿಯುವ ಕಡೆಗೆ ಎಡಕ್ಕೆ ತಿರುಗಿ, ಜಗಲಿಗಳ ಕೆಳಗೆ ಮೋರಿಯನ್ನೇ ಹಿಡಿದು ಸಾಗಿ, ಹಳೆಯ ಬಾವಿಯ ಸಡಿಲ ಮಣ್ಣಿನಲ್ಲಿ ಬಲಕ್ಕೆ ಹೊರಳಿ, ಗಾಡಿ ಹಗ್ಗದಷ್ಟು ಸಣ್ಣದಾಗಿ ಸಂಗಪ್ಪಶೆಟ್ಟಿಯ ಮೆಟ್ಟಿಲ ಬುಡದಲ್ಲಿ ಕಾಣಿಸಿಕೊಂಡಿತು. ಇಪ್ಪತ್ತೇಳು ಮಾರು. ರುದ್ರಶೆಟ್ಟಿ ಬಾಯಿ ಬಿಟ್ಟುಕೊಂಡು ನೋಡಿದ. ಬೇರಿನ ಮೈತುಂಬ ಕೂದಲಿನಂಥ ಎಳೆಗಳು ಮಣ್ಣು ಕಚ್ಚಿಕೊಂಡಿದ್ದವು. ನಾಯಕ ಬಂದಾಗ ಚೊಕ್ಕಟವಾಗಿ ಕಾಣಲಿ ಎಂದು ವರ್ತಕರು ಅವನ್ನೆಲ್ಲ ಸವರಿ ತೆಗೆಸಿ, ದಪ್ಪ ಬೇರನ್ನು ತೊಳೆಸಿ ಅರಿಸಿನ ಹಚ್ಚಿಸಲು ಹೊರಟರು. ಯಲ್ಲಬೋವಿ ಕುಡುಗೋಲು ಕೆಳಗಿಟ್ಟು, "ಆ ಕೂದಲೇ ನೀರು ಕುಡಿಯೋದು. ದಪ್ಪಂದು ಬರೀ ಹೊರೋ ಆಳು. ಕುಡಿಯೋರನ್ನೆಲ್ಲ ಕಳಿಸಿಬಿಟ್ಟು ಆಳಿಗೆ ಅರಿಸಿನ ಹಚ್ಚಿ ಏನು ಮಾಡ್ತೀರಿ?" ಎಂದು ಕೇಳಿ, ಕೂಲಿಗೆ ಬೇರೆಯವರನ್ನು ಕರೆದುಕೊಳ್ಳಿ ಎಂದು ಹೊರಟುಹೋದ. ಬೇರೆಯವರು ಸಿಕ್ಕರು.

ನಾಯಕ ಆಗ ಗಡಿಯ ಕಡೆ ಹೋಗಿದ್ದ. ಈ ವಾರ ಬರುತ್ತಾನೆ, ಮುಂದಿನ ವಾರ ಬರುತ್ತಾನೆ ಎಂದು ನಲವತ್ತು ದಿನ ಕಾಲುವೆ ಬಾಯಿ ತೆರೆದೇ ಬಿದ್ದಿತ್ತು. ಕಾಲುವೆಯೊಳಗೆ ನೀರು ನುಗ್ಗಬಾರದೆಂದು ಬಣ್ಣದವರ ಮೋರಿಯನ್ನು ಊರ ಹೊರಕ್ಕೆ ತಿರುಗಿಸಿದರು. ಯುಗಾದಿ ಕಳೆದ ಮೇಲೆ ಬಂದ ನಾಯಕ ಬುಡದಿಂದ ತುದಿಯವರೆಗೆ ನಡೆದು ನೋಡಿ ಬೆರಗಾದ, ಕೊಟ್ಟ ಮಾತಿನಂತೆ ಮೂರು ಮಾರಿಗೊಂದರಂತೆ ಒಂಬತ್ತು ಕಲ್ಲು ಹಾಕಿಸಿದ. ಮುಚ್ಚಿದ ಕಾಲುವೆಯ ಮಣ್ಣಿನಲ್ಲಿ ಗಾಡಿ ಚಕ್ರ ಹೂತುಕೊಳ್ಳುತ್ತದೆಂದು ವರ್ತಕರು ತಾವೇ ಬೀದಿಗೆಲ್ಲ ಚಪ್ಪಡಿ ಹಾಸಿಸಿದರು. ಆ ಬೇಸಗೆಯಲ್ಲಿ ಸಂಗಪ್ಪಶೆಟ್ಟಿಯ ಅಂಗಡಿಯ ಮುಂದೆ ಗಾಡಿಗಳು ಸಾಲು ನಿಂತವು. ಪೇಟೆಗೆ ಬೇರುಗಲ್ಲು ಪೇಟೆ ಎಂಬ ಹೆಸರು ಬಿದ್ದದ್ದು ಆಗಲೇ, ಮೆಚ್ಚುಗೆಯಿಂದಲೇ ಬಿದ್ದ ಹೆಸರು ಅದು.

ಮರ ಕೂಡಲೇ ಸಾಯಲಿಲ್ಲ. ಮರುವರ್ಷ ಎಲೆ ಉದುರಿಸಿದ್ದು ಅರ್ಧ ಮಾತ್ರ ಚಿಗುರಿತು. ಅದರ ಮರುವರ್ಷ ನೆತ್ತಿ ಒಣಗಿತು. ಬುಡದಲ್ಲಿ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳಲು ತೊಡಗಿದಾಗ ಕೆಂಚಕ್ಕ ಮಜ್ಜಿಗೆ ಗಡಿಗೆಗಳನ್ನು ಎತ್ತಿಕೊಂಡು ಹರದಾರಿ ದೂರದ ಹಾಲುಗೆರೆಯ ತೋಪಿಗೆ ಹೋದಳು. "ಮಜ್ಜಿಗೆ ಹುಳಿಯಾಗ್ತದೆ ಶೆಟ್ರೆ, ನಿಮ್ಮ ಕಲ್ಲು ಹುಳಿಯಾಗಲ್ಲ, ನೀವು ಇರಿ" ಎಂದು ಹೇಳಿಹೋದಳು. ಅವಳನ್ನು ತಡೆಯಬೇಕೆಂದು ಯಾರಿಗೂ ಅನ್ನಿಸಲಿಲ್ಲ, ಅನ್ನಿಸಬೇಕಿತ್ತು. ಅವಳ ಹಿಂದೆ ಎತ್ತುಗಳು ಹೋದವು, ಎತ್ತಿನ ಹಿಂದೆ ಗಾಡಿಯವರು ಹೋದರು. ಹಾಲುಗೆರೆಯಲ್ಲಿ ಸುಂಕವಿತ್ತು, ಆದರೂ ಸರಕು ಅಲ್ಲೇ ಇಳಿಯಿತು. ಮೂರನೆಯ ವರ್ಷದ ಮುಂಗಾರು ಗಾಳಿಗೆ ಬಸರಿ ಮರ ಕೋಟೆ ಗೋಡೆಗೆ ಒರಗಿಕೊಂಡು ಉರುಳಿತು.

ಸಂಗಪ್ಪಶೆಟ್ಟಿ ಯಲ್ಲಬೋವಿಯ ಮನೆಗೆ ತಾನೇ ಹೋಗಿ ಕರೆದುಕೊಂಡು ಬಂದ ಎನ್ನುತ್ತಾರೆ. ಬೇರೊಂದು ಸಸಿ ನೆಡಬೇಕು, ಜಾಗ ಹೇಳು ಎಂದ. ಯಲ್ಲಬೋವಿ ಎಂಟನೆಯ ಕಲ್ಲಿನ ಪಕ್ಕದ ಚಪ್ಪಡಿ ಎಬ್ಬಿಸಿದ. ಒಳಗೆ ಬೇರು ಗೆದ್ದಲು ತಿಂದು ಕೊಳವೆಯಂತಾಗಿತ್ತು. ಮಣ್ಣು ಹಿಡಿದು ಹಿಸುಕಿದರೆ ಬೂದಿಯಂತೆ ಉದುರಿತು. "ನೀರು ತಿರುಗಿಸಿದಿರಿ, ಮೇಲೆ ಕಲ್ಲು ಮುಚ್ಚಿದಿರಿ. ಸಸಿ ನೆಡಬಹುದು, ಬದುಕಿಸೋದು ಯಾವುದರ ಮೇಲೆ?" ಎಂದ. ಶೆಟ್ಟಿ ಗುಂಡಿಯ ಪಕ್ಕ ಕೂತು, "ನನಗೆ ಮೊದಲೇ ಗೊತ್ತಿತ್ತು ಕಣೋ ಯಲ್ಲಬೋವಿ. ನೀನು ಹೇಳಿದ್ದು ಸರಿ ಅಂತಲೂ ಗೊತ್ತಿತ್ತು, ಬೇರು ನನ್ನ ಬಾಗಿಲಿಗೆ ಬಂದದ್ದೂ ಗೊತ್ತಿತ್ತು" ಎಂದ. ಯಲ್ಲಬೋವಿ ಚಪ್ಪಡಿಯನ್ನು ಇದ್ದಂತೆ ಕೂರಿಸಿದ. ಆದರೂ ಶೆಟ್ಟಿ ನಾಲ್ಕು ಸಲ ಸಸಿ ನೆಟ್ಟ, ನಾಲ್ಕೂ ಹೋದವು. ನಾಲ್ಕನೆಯದು ಹೋದ ಚಳಿಗಾಲ ಅವನು ಕಂಬಳಿ ಗಂಟನ್ನು ತಲೆಯ ಮೇಲೆ ಹೊತ್ತು ಹಾಲುಗೆರೆಗೆ ನಡೆದು, ತೋಪಿನ ಅಂಚಿನಲ್ಲಿ ಕೆಂಚಕ್ಕನ ಪಕ್ಕ ಗೋಣಿತಾಟು ಹಾಸಿ ಕೂತ. ಪ್ರತಿ ಕಂಬಳಿಗೂ ಸುಂಕ ಕಟ್ಟಿದ. ಸಾಯುವವರೆಗೆ ಕಟ್ಟಿದ.

ಮೂರು ವರ್ಷದ ಹಿಂದೆ, ನಗರದ ರಸ್ತೆಗಳ ಕೆಳಗೆ ಮರದ ಬೇರುಗಳು ಹೇಗೆ ಬೆಳೆಯುತ್ತವೆ ಎಂದು ಅಧ್ಯಯನ ಮಾಡುವ ಮಂದಾಕಿನಿ ಎಂಬ ಹೆಣ್ಣುಮಗಳು ಪಕ್ಕದ ಬೀದಿಯ ಹೊಂಗೆ ಮರಗಳನ್ನು ನೋಡಲು ಬಂದಿದ್ದರು. ತಳ್ಳುಗಾಡಿಯಂಥ ಒಂದು ಯಂತ್ರ. ನೆಲದ ಮೇಲೆ ತಳ್ಳಿಕೊಂಡು ಹೋದರೆ ಒಳಗಿರುವುದು ಗೆರೆಗಳಾಗಿ ಕಾಣುತ್ತದೆ. ಪಾತ್ರೆ ಅಂಗಡಿಯ ಅಜ್ಜ ಮೊದಲು ಕೇಳಿದ್ದು, "ನೀವು ಅಗೆಯೋದಿಲ್ಲ ತಾನೇ ತಾಯಿ?" ಎಂದು. ಆಕೆ ನಕ್ಕು, ಅಗೆಯದಿರಲೆಂದೇ ಈ ಯಂತ್ರ ಎಂದರು. ಕಲ್ಲುಗಳ ಕಥೆ ಕೇಳಿ ಅವುಗಳ ಮೇಲೂ ಒಮ್ಮೆ ತಳ್ಳಿದರು. ಬೇರಿನ ಸುಳಿವೇ ಇರಲಿಲ್ಲ. ಹಳೆಯ ಮೋರಿಯ ಹಾದಿ ಮಾತ್ರ ಕಲ್ಲುಗಳು ತಿರುಗಿದಲ್ಲೆಲ್ಲ ತಿರುಗುತ್ತಾ ಕಂಡಿತು. "ಬೇರು ಎಲ್ಲ ಕಡೆಗೂ ಹೊರಡುತ್ತದೆ ಅಜ್ಜ, ನೀರು ಗಾಳಿ ಸಿಕ್ಕ ಕಡೆ ಉಳಿಯುತ್ತದೆ. ನಿಮ್ಮ ಯಲ್ಲಬೋವಿ ಎರಡು ದಿನ ನಡೆದು ಕಂಡುಕೊಂಡದ್ದನ್ನು ನಾವು ಈಗ ಅಳೆಯುತ್ತಿದ್ದೇವೆ" ಎಂದು ಹೇಳಿ, ಕಂಡದ್ದನ್ನು ಬರೆದುಕೊಂಡು ಹೋದರು.

ಒಂಬತ್ತು ಕಲ್ಲುಗಳೂ ಇವೆ, ಯಾರು ಬೇಕಾದರೂ ಬಂದು ನೋಡಬಹುದು. ನಾಯಕನ ಮಾತನ್ನು ಆಮೇಲೆ ಯಾರೂ ರದ್ದು ಮಾಡಿದ್ದಿಲ್ಲ ಎನ್ನುತ್ತಾರೆ. ರದ್ದು ಮಾಡುವಷ್ಟು ಸರಕು ಅಲ್ಲಿ ಇಳಿಯಲೂ ಇಲ್ಲ. ಒಟ್ಟಿನಲ್ಲಿ ಮಾದನಕೋಟೆಗೆ ದಕ್ಕಿದ್ದು ಇಪ್ಪತ್ತೇಳು ಮಾರು ಸುಂಕವಿಲ್ಲದ ಬೀದಿ, ಮತ್ತು ಮಧ್ಯಾಹ್ನದ ಹೊತ್ತಿನಲ್ಲಿ ಬರಿಗಾಲಿಡಲಾಗದಷ್ಟು ಕಾಯುವ ಒಂಬತ್ತು ಕಲ್ಲು.